ಯಾರು ಹೇಳಿದ್ದು ಮಿಸ್?

ವಿಜ್ಞಾನ ಕಲಿಸುವವರಿಗೆ ಪಠ್ಯಪುಸ್ತಕದ ಪ್ರಶ್ನೆಗಳು ಕಷ್ಟವಲ್ಲ. ಅವುಗಳ ಉತ್ತರ ಪುಸ್ತಕದಲ್ಲೇ ಇರುತ್ತದೆ. ಕಷ್ಟವೇನಿದ್ದರೂ ಬೆಳಗಿನ ಪ್ರಾರ್ಥನೆ ಮುಗಿದು ತರಗತಿಗೆ ಬರುವಷ್ಟರಲ್ಲಿ ಮಕ್ಕಳು ಹಿಡಿದುಕೊಂಡು ಬರುವ ಪ್ರಶ್ನೆಗಳದ್ದು. “ಮಿಸ್, ಆಗಸ್ಟ್‌ನಲ್ಲಿ ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತಂತೆ, ನಿಜವಾ?” 2003ರ ಆಗಸ್ಟ್ 27ರಂದು ಮಂಗಳ ಭೂಮಿಗೆ ತೀರಾ ಹತ್ತಿರ ಬಂದಿತ್ತು, ಸುಮಾರು 5.6 ಕೋಟಿ ಕಿಲೋಮೀಟರು ದೂರಕ್ಕೆ. ಅದರ ಸುದ್ದಿ ಆಮೇಲೂ ಪ್ರತಿ ವರ್ಷ ಅದೇ ತಿಂಗಳಲ್ಲಿ ಹೊಸದಾಗಿ ಹುಟ್ಟಿ ಬರುತ್ತಿತ್ತು. ಮೂಲ ಬರಹದಲ್ಲಿ ಇದ್ದದ್ದು, ದೂರದರ್ಶಕದಲ್ಲಿ 75 ಪಟ್ಟು ಹಿಗ್ಗಿಸಿ ನೋಡಿದರೆ ಮಂಗಳ ಬರಿಗಣ್ಣಿನ ಹುಣ್ಣಿಮೆ ಚಂದ್ರನಷ್ಟು ಕಂಡೀತು ಎಂದು. ಕೈಯಿಂದ ಕೈಗೆ ದಾಟುವಾಗ ವಾಕ್ಯದ ಮೊದಲರ್ಧ ಎಲ್ಲೋ ಬಿದ್ದುಹೋಗಿ, ಉಳಿದರ್ಧವಷ್ಟೇ ಕೆಂಗೇರಿಯ ಕಡೆಯ ನಮ್ಮ ಶಾಲೆಯವರೆಗೂ ಬಂದು ತಲುಪಿತ್ತು.

ಇಂಥದ್ದನ್ನು ಕೇಳಿದಾಗ “ಯಾರು ಹೇಳಿದ್ದು?” ಎನ್ನುವುದು ನನ್ನ ಅಭ್ಯಾಸ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಹಾಗೇ ತಿರುಗಿ ಕೇಳಿದಳು: “ಹಂಗೆ ಕಾಣಲ್ಲ ಅಂತ ನಿಮಗೆ ಯಾರು ಹೇಳಿದ್ದು ಮಿಸ್?” ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ ತೋರಿಸಿದೆ, ಒಪ್ಪಿದಳು. ಆದರೆ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಲಾಗುವುದಿಲ್ಲವಲ್ಲ. ಮೇಷ್ಟ್ರಾದವರು ಎಷ್ಟೋ ಸಂಗತಿಗಳನ್ನು ಬೇರೆಯವರ ಮಾತಿನ ಮೇಲೆ ನಂಬಿಯೇ ಹೇಳಬೇಕಾಗುತ್ತದೆ. ಆ ಬೇರೆಯವರು ಯಾರು, ಯಾವಾಗ ಹೇಳಿದ್ದು ಎಂಬುದನ್ನು ಮಗುವಿನ ಮುಂದೆ ಇಡಲು ಬರಬೇಕು. ಜಾಲತಾಣಗಳ ಹೊಸ ಬರಹಗಳನ್ನು ತಂದುಕೊಡುವ ‘ಫೀಡ್’ ಓದುವುದನ್ನು ನಾನು ಕಲಿತದ್ದು ಕಂಪ್ಯೂಟರಿನ ಮೇಲಿನ ಆಸೆಯಿಂದಲ್ಲ, ಈ ಒಂದು ಅಗತ್ಯಕ್ಕಾಗಿ.

ಅದಕ್ಕೂ ಮುಂಚೆ ನನ್ನ ಬಳಿ ಕತ್ತರಿ, ಗೋಂದು ಮತ್ತು ಒಂದು ಉದ್ದನೆಯ ರಿಜಿಸ್ಟರ್ ಇದ್ದವು. ‘ಪ್ರಜಾವಾಣಿ’ಯಲ್ಲಿ ನಾಗೇಶ ಹೆಗಡೆಯವರ ‘ವಿಜ್ಞಾನ ವಿಶೇಷ’ ಬಂದರೆ ಕತ್ತರಿಸಿ ಅಂಟಿಸುತ್ತಿದ್ದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಶಾಲೆಗೆ ಬರುತ್ತಿತ್ತು, ಅದನ್ನು ಕತ್ತರಿಸುವಂತಿರಲಿಲ್ಲ. ಬೇಕಾದದ್ದನ್ನು ಕೈಯಲ್ಲೇ ಬರೆದುಕೊಳ್ಳುತ್ತಿದ್ದೆ. ಅವುಗಳಲ್ಲಿ ವಾರಕ್ಕೊಂದು ಶಾಲೆಯ ಮೆಟ್ಟಿಲ ಪಕ್ಕದ ಹಸಿರು ಫಲಕವನ್ನು ಏರುತ್ತಿತ್ತು.

ರಾಜರಾಜೇಶ್ವರಿನಗರದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಬೆಳಗಿನ ಹೊತ್ತು ಇನ್ನೊಂದು ಕೆಲಸ ಅಂಟಿಕೊಂಡಿತು. ಕುಕ್ಕರ್ ಕೂಗುವಷ್ಟರಲ್ಲಿ ನಾಸಾ ತೆಗೆದು ನೋಡು, ಇಸ್ರೋ ತೆಗೆದು ನೋಡು, ಶಿಕ್ಷಣ ಇಲಾಖೆಯದ್ದು ನೋಡು. ಮುಕ್ಕಾಲು ಪಾಲು ದಿನ ಎಲ್ಲೂ ಹೊಸದೇನೂ ಇರುತ್ತಿರಲಿಲ್ಲ. ಹೊಸದು ಬಂದ ದಿನವೇ ಬಸ್ಸಿಗೆ ಹೊತ್ತಾಗಿ ನೋಡದೆ ಹೋಗಿರುತ್ತಿದ್ದೆ. ಬಿಇಎಂಎಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಆಗ ಎಂಜಿನಿಯರಿಂಗ್ ಓದುತ್ತಿದ್ದ. ಪ್ರಿಂಟರ್ ಸರಿಮಾಡಲು ಬಂದವನು ನನ್ನ ಈ ಸುತ್ತಾಟವನ್ನು ನಿಂತು ನೋಡಿ, “ಆಂಟಿ, ನೀವ್ಯಾಕೆ ಒಂದೊಂದು ಸೈಟಿಗೂ ಹೋಗ್ತೀರ? ಪೇಪರ್ ಹುಡುಗ ಕಾಂಪೌಂಡೊಳಗೆ ಎಸೆದು ಹೋಗಲ್ವಾ, ಹಂಗೆ ಅವೇ ನಿಮ್ಮ ಹತ್ರ ಬರ್ತವೆ ಇರಿ,” ಎಂದು ಗೂಗಲ್ ರೀಡರ್ ತೆರೆದುಕೊಟ್ಟ. ಎಡಗಡೆ ಹೆಸರುಗಳ ಪಟ್ಟಿ, ಹೊಸತು ಬಂದಿದ್ದರೆ ಹೆಸರು ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಓದದೆ ಉಳಿದವುಗಳ ಸಂಖ್ಯೆ. ಬಲಗಡೆ ಬರಹ. ಅಷ್ಟೇ.

ಆರ್‌ಎಸ್‌ಎಸ್ ಎಂಬುದು ಈ ವ್ಯವಸ್ಥೆಯ ಹೆಸರು. ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿದರೆ ಮಾತು ಬೇರೆ ಕಡೆಗೇ ಹೋಗುತ್ತದೆ. ಹಾಗಾಗಿ ಮೊದಲಿನಿಂದಲೂ ನಾನು ‘ಫೀಡ್’ ಎಂದೇ ಹೇಳುತ್ತ ಬಂದೆ.

ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯದೆ ಬಳಸಲು ನನಗೆ ಸಮಾಧಾನವಿರಲಿಲ್ಲ. ಫೀಡಿನ ಕಿತ್ತಳೆ ಬಣ್ಣದ ಚಿಹ್ನೆಯ ಹಿಂದೆ ಇರುವುದು ಒಂದು ಸಾದಾ ಫೈಲು. ಜಾಲತಾಣವು ತನ್ನ ಹೊಸ ಬರಹಗಳ ಪಟ್ಟಿಯನ್ನು ಅದರಲ್ಲಿ ಬರೆದಿಟ್ಟಿರುತ್ತದೆ. ಪ್ರತಿ ಬರಹಕ್ಕೂ ಒಂದು ‘ಐಟಂ’. ಅದರೊಳಗೆ ತಲೆಬರಹ, ಮೂಲ ಪುಟದ ಕೊಂಡಿ, ಪ್ರಕಟವಾದ ದಿನ ಮತ್ತು ಹೊತ್ತು, ಸಾರಾಂಶ, ಇದು ಇಂಥದ್ದೇ ಬರಹವೆಂದು ಗುರುತಿಸಲು ಒಂದು ಸಂಕೇತ. ನಮ್ಮ ರೀಡರ್ ಆಗಾಗ ಹೋಗಿ ಆ ಫೈಲನ್ನು ಕೇಳುತ್ತದೆ. ಬದಲಾಗಿಲ್ಲವಾದರೆ ‘ಬದಲಾಗಿಲ್ಲ’ ಎಂಬ ಚುಟುಕು ಉತ್ತರ ಪಡೆದು ವಾಪಸು ಬರುತ್ತದೆ. ಬದಲಾಗಿದ್ದರೆ, ತಾನು ಹಿಂದೆ ನೋಡಿರದ ಸಂಕೇತಗಳಿರುವ ಐಟಂಗಳನ್ನು ಮಾತ್ರ ಎತ್ತಿಕೊಂಡು ಬಂದು ನಮಗೆ ತೋರಿಸುತ್ತದೆ. ನಾನು ಇಮೇಲ್ ಕೊಡಬೇಕಿಲ್ಲ, ಫೋನ್ ನಂಬರ್ ಕೊಡಬೇಕಿಲ್ಲ. ಬೇಡವೆನಿಸಿದರೆ ಪಟ್ಟಿಯಿಂದ ತೆಗೆದರಾಯಿತು, ಯಾರ ಅನುಮತಿಯೂ ಬೇಡ. ಇದನ್ನು ಮೊದಲು ರೂಪಿಸಿದ್ದು 1999ರ ಮಾರ್ಚ್‌ನಲ್ಲಿ, ನೆಟ್‌ಸ್ಕೇಪ್ ಕಂಪನಿಯ ಡ್ಯಾನ್ ಲಿಬ್ಬಿ ಮತ್ತು ರಾಮನಾಥನ್ ಗುಹಾ. ಗುಹಾ ಮದ್ರಾಸಿನ ಐಐಟಿಯಲ್ಲಿ ಓದಿದವರು.

ಕನ್ನಡ ಓದುವವರಿಗೆ ಇದರಲ್ಲಿ ಇನ್ನೊಂದು ಸಂಗತಿಯಿತ್ತು, ಅದು ನನಗೆ ತಡವಾಗಿ ಹೊಳೆಯಿತು. ಆ ಕಾಲಕ್ಕೆ ಕನ್ನಡದ ಎಷ್ಟೋ ಪತ್ರಿಕಾ ಜಾಲತಾಣಗಳು ತಮ್ಮ ತಮ್ಮದೇ ಫಾಂಟಿನಲ್ಲಿರುತ್ತಿದ್ದವು. ಅವುಗಳ ಪುಟದಲ್ಲಿ ಓದಿದರೆ ಅಚ್ಚಗನ್ನಡ. ನಾಲ್ಕು ಸಾಲು ಎತ್ತಿ ಹೊರಗಿಟ್ಟರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಫೀಡಿನ ಕೆಲಸವೇ ಬರಹವನ್ನು ಅದರ ಮನೆಯಿಂದ ಹೊರಗೆ ಕರೆತರುವುದು. ಫಾಂಟು ಅದರ ಬೆನ್ನಿಗೆ ಬರುವುದಿಲ್ಲ. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರಲ್ಲೇ, ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟೂ ಬಂದಿತ್ತು. ಆದರೂ ಯೂನಿಕೋಡಿನಲ್ಲೇ ಬರೆಯುತ್ತೇವೆಂದು ನಿಂತವರು ಆಗ ಕಡಿಮೆ. ‘ಸಂಪದ’, ಟಿ. ಜಿ. ಶ್ರೀನಿಧಿಯವರ ‘ಇಜ್ಞಾನ’ ಇಂಥವು ನನ್ನ ರೀಡರಿನಲ್ಲಿ ಅಕ್ಷರವೊಂದೂ ಒಡೆಯದೆ ಬಂದು ಕೂತದ್ದನ್ನು ಕಂಡಾಗ ಆದ ಸಂತೋಷ ದೊಡ್ಡದು. ನಾಸಾದ ಬರಹವೊಂದರ ಕೆಳಗೇ ಕನ್ನಡದ ವಿಜ್ಞಾನ ಬರಹ, ಅದೇ ಅಳತೆ, ಅದೇ ಮರ್ಯಾದೆ.

ಶುರುವಿನಲ್ಲಿ ದಿನಪತ್ರಿಕೆಗಳ ಫೀಡುಗಳನ್ನೂ ಸೇರಿಸಿಕೊಂಡಿದ್ದೆ. ಸಂಜೆಯಾಗುವಷ್ಟರಲ್ಲಿ ಸಂಖ್ಯೆ ನೂರು ದಾಟುತ್ತಿತ್ತು. ಸ್ವಲ್ಪ ದಿನ ನೋಡಿ ಅವನ್ನೆಲ್ಲ ತೆಗೆದೆ. ದಿನಾ ಬರೆಯುವವರನ್ನು ಹುಡುಕಿಕೊಂಡು ಹೋಗುವುದು ಕಷ್ಟವಲ್ಲ, ಪೇಪರ್ ಹೇಗೂ ಮನೆಗೆ ಬರುತ್ತದೆ. ಫೀಡು ಬೇಕಾಗುವುದು ಅಪರೂಪಕ್ಕೆ ಬರೆಯುವವರಿಗಾಗಿ. ಮೂರು ತಿಂಗಳಿಗೊಮ್ಮೆ ಒಂದು ಒಳ್ಳೆಯ ಪ್ರಯೋಗವನ್ನು ಚಿತ್ರಸಮೇತ ಬರೆಯುವ ಮೇಷ್ಟ್ರು, ವರ್ಷಕ್ಕೆರಡು ಸಲ ಹಕ್ಕಿಗಳ ಬಗ್ಗೆ ಬರೆಯುವ ಸಂಶೋಧಕಿ, ಇವರನ್ನು ನೆನಪಿಟ್ಟುಕೊಂಡು ಹೋಗಿ ನೋಡುವವರು ಯಾರು? ರೀಡರ್ ನೆನಪಿಟ್ಟುಕೊಳ್ಳುತ್ತದೆ. ಈ ನಿಧಾನದವರ ಮಾತನ್ನು ಗದ್ದಲದವರ ಮಾತು ಮುಚ್ಚಿಹಾಕದ ಜಾಗ ಅಂತರ್ಜಾಲದಲ್ಲಿ ಇದೊಂದೇ ಎಂದು ನನಗೆ ಇಂದಿಗೂ ಅನಿಸುತ್ತದೆ.

2012ರ ದೀಪಾವಳಿ. ಹಬ್ಬ ಮುಗಿಸಿ ಶಾಲೆ ತೆರೆದ ದಿನ ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ಭಾರತದ ಭೂಪಟ, ಮೈತುಂಬ ಬಿಳಿ, ನೀಲಿ, ಹಸಿರು, ಕೆಂಪು ದೀಪಗಳು. “ದೀಪಾವಳಿ ರಾತ್ರಿ ನಾಸಾ ತೆಗೆದ ಫೋಟೋ ಮೇಡಂ, ನಿಮ್ಮ ಬೋರ್ಡಿಗೆ ಹಾಕಿ,” ಎಂದರು ಬಹಳ ಪ್ರೀತಿಯಿಂದ. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಮಕ್ಕಳೂ ಆಗಲೇ ಸುತ್ತ ನೆರೆದಿದ್ದರು. ಯಾರೂ ಕೇಳಲಿಲ್ಲ, ನಾನೇ ಕೇಳಿಕೊಂಡೆ: ಯಾರು ಹೇಳಿದ್ದು?

ನನ್ನ ಪಟ್ಟಿಯಲ್ಲಿ ನಾಸಾದ ‘ಅರ್ತ್ ಅಬ್ಸರ್ವೇಟರಿ’ಯ ಫೀಡು ಇತ್ತು, ದಿನಕ್ಕೊಂದು ಉಪಗ್ರಹ ಚಿತ್ರ ಕೊಡುವಂಥದ್ದು. ಮನೆಗೆ ಹೋಗಿ ತೆರೆದರೆ ಅಲ್ಲಿ ದೀಪಾವಳಿಯದೇ ಬರಹ ಬಂದಿತ್ತು. ಸುವೋಮಿ ಎನ್‌ಪಿಪಿ ಎಂಬ ಉಪಗ್ರಹ 2012ರ ನವೆಂಬರ್ 12ರ ರಾತ್ರಿ ತೆಗೆದ ದಕ್ಷಿಣ ಏಷ್ಯಾದ ಚಿತ್ರ ಅದು. ಬಣ್ಣವಿಲ್ಲ, ಊರುಗಳಿರುವಲ್ಲಿ ಬೆಳಕಿನ ಚುಕ್ಕಿಗಳು, ಯಾವ ರಾತ್ರಿ ತೆಗೆದರೂ ಕಾಣುವಂಥವು. ಹಬ್ಬದ ಹೆಚ್ಚುವರಿ ಬೆಳಕು ಅಷ್ಟು ಎತ್ತರದಿಂದ ಕಾಣಿಸುವುದೇ ಅನುಮಾನ ಎಂದು ಜೊತೆಗಿದ್ದ ಟಿಪ್ಪಣಿ ಹೇಳುತ್ತಿತ್ತು. ಊರೂರು ಸುತ್ತುತ್ತಿದ್ದ ಆ ಬಣ್ಣದ ಚಿತ್ರದ ಮೂಲವನ್ನೂ ಅವರು ಹೇಳಿದ್ದರು. ಅದನ್ನು ಮಾಡಿದವರು ಅಮೆರಿಕದ ಹವಾಮಾನ ಮತ್ತು ಸಾಗರ ಸಂಸ್ಥೆ ನೋವಾದ ವಿಜ್ಞಾನಿ ಕ್ರಿಸ್ ಎಲ್ವಿಡ್ಜ್. ಹಲವು ವರ್ಷಗಳ ಉಪಗ್ರಹ ಮಾಹಿತಿಯನ್ನು ಒಂದರ ಮೇಲೊಂದಿಟ್ಟು, ನಗರಗಳು ಹೇಗೆ ಬೆಳೆದವೆಂದು ತೋರಿಸಲು ಬಣ್ಣ ಕೊಟ್ಟಿದ್ದರು. ಬಿಳಿ ಎಂದರೆ 1992ಕ್ಕೂ ಮುಂಚೆ ಇದ್ದ ದೀಪಗಳು. ನೀಲಿ 1992ರ ಹೊತ್ತಿಗೆ, ಹಸಿರು 1998ಕ್ಕೆ, ಕೆಂಪು 2003ಕ್ಕೆ ಕಾಣಿಸಿಕೊಂಡವು.

ಮರುದಿನ ಎರಡೂ ಚಿತ್ರಗಳನ್ನು ಪ್ರಿಂಟ್ ಹಾಕಿ ಅಕ್ಕಪಕ್ಕ ಅಂಟಿಸಿದೆ. ಕೆಳಗೆ ಯಾರು ಮಾಡಿದ್ದು, ಯಾವ ದಿನದ್ದು ಎಂದು ಬರೆದೆ. ಮಕ್ಕಳ ಉತ್ಸಾಹ ತಣ್ಣಗಾದೀತೆಂದು ನನಗೆ ಅಳುಕಿತ್ತು. ಆದದ್ದು ಬೇರೆ. ಬಣ್ಣದ ಚಿತ್ರದಲ್ಲಿ ಬೆಂಗಳೂರು ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ, ನಡುವೆ ಬಿಳಿ ಯಾಕೆ, ಅಂಚಿನಲ್ಲಿ ಬೇರೆ ಬಣ್ಣ ಯಾಕೆ ಎಂದು ಜಗಳಕ್ಕೆ ಬಿದ್ದರು. “ಹಂಗಾದ್ರೆ ನಮ್ಮ ಏರಿಯಾ ಕೆಂಪಲ್ಲಿರಬೇಕು ಮಿಸ್, ನಮ್ಮಪ್ಪ ಬಂದಾಗ ಇಲ್ಲಿ ಬರೀ ಹೊಲ ಇತ್ತಂತೆ.” ಸುಳ್ಳು ಅಡಿಬರಹ ತೆಗೆದ ಮೇಲೆ ಆ ಚಿತ್ರ ಮೊದಲಿಗಿಂತ ಹೆಚ್ಚು ಹೇಳತೊಡಗಿತ್ತು. ಚಿತ್ರ ತಂದ ಸಹೋದ್ಯೋಗಿ ಸಮಾಜ ಬೋಧಿಸುವವರು. ನಗರೀಕರಣದ ಪಾಠಕ್ಕೆ ಅದನ್ನೇ ಇಟ್ಟುಕೊಂಡರು, ಜೊತೆಗೆ ತಮ್ಮ ಮನೆಯ ಕಂಪ್ಯೂಟರಿಗೂ ಫೀಡು ಹಾಕಿಸಿಕೊಂಡರು.

ಇದಾದ ಮೇಲೆಯೇ ಒಂಬತ್ತನೇ ತರಗತಿಯವರಿಗೆ ಫೀಡಿನ ಒಳಗನ್ನು ತೋರಿಸಬೇಕೆಂದು ಕಂಪ್ಯೂಟರ್ ಲ್ಯಾಬಿಗೆ ಕರೆದುಕೊಂಡು ಹೋದೆ. ಯಾರೋ ಕೊಟ್ಟ ಹಳೆಯ ಯಂತ್ರಗಳು, ಇಂಟರ್‌ನೆಟ್ ಒಂದಕ್ಕೆ ಮಾತ್ರ. ನೋಟ್‌ಪ್ಯಾಡಿನಲ್ಲೇ ನಮ್ಮ ಫಲಕದ ಫೀಡನ್ನು ಕೈಯಾರೆ ಬರೆದೆವು. ತಲೆಬರಹದ ಹಿಂದೆ ಒಂದು ಗುರುತು, ಮುಗಿದ ಮೇಲೆ ಓರೆಗೆರೆ ಸಮೇತ ಅದೇ ಗುರುತು. ಕನ್ನಡವನ್ನು ‘ಬರಹ’ ತಂತ್ರಾಂಶದಿಂದ ಟೈಪಿಸಿದರು. ಉಳಿಸುವಾಗ ‘ಎನ್‌ಕೋಡಿಂಗ್’ ಎಂಬ ಜಾಗದಲ್ಲಿ ಆಗ ಯುಟಿಎಫ್-8 ಆರಿಸಬೇಕಿತ್ತು, ಇಲ್ಲವಾದರೆ ಅಕ್ಷರಗಳೆಲ್ಲ ಹೋಗುತ್ತವೆ ಎಂದು ನೋಟ್‌ಪ್ಯಾಡೇ ಎಚ್ಚರಿಸುತ್ತಿತ್ತು. ಎಚ್ಚರಿಕೆ ಓದದೆ ಸರಿ ಎಂದು ಒತ್ತಿದ ತಂಡದ ಪರದೆಯ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆಗಳು.

ಇನ್ನೊಂದು ತಂಡದ ಫೈಲು ತೆರೆಯಲೇ ಇಲ್ಲ. ಬ್ರೌಸರು ಇಂಥ ಸಾಲಿನ ಇಂಥ ಅಕ್ಷರದಲ್ಲಿ ತಪ್ಪಿದೆ ಎಂದಷ್ಟೇ ಹೇಳುತ್ತಿತ್ತು. ಮೂವರು ತಲೆ ಸೇರಿಸಿ ಸಾಲು ಎಣಿಸುತ್ತ ಹೋದರು. ‘ಗಾಳಿ & ನೀರು’ ಎಂದು ತಲೆಬರಹ ಕೊಟ್ಟಿದ್ದರು. ಆ ‘ಮತ್ತು’ ಚಿಹ್ನೆಗೆ ಈ ಭಾಷೆಯಲ್ಲಿ ಬೇರೆಯೇ ಕೆಲಸವಿದೆ, ಅದನ್ನು ಹಾಗೇ ಒಂಟಿಯಾಗಿ ಬರೆಯುವಂತಿಲ್ಲ. ಒಂದೇ ಒಂದು ಚಿಹ್ನೆ ಇಡೀ ಫೈಲನ್ನು ನಿಲ್ಲಿಸಿಬಿಡುತ್ತದೆ. ಅದನ್ನು ಅಳಿಸಿ ‘ಮತ್ತು’ ಎಂದು ಬರೆದದ್ದೇ ತಡ, ಫೈಲು ತೆರೆದುಕೊಂಡಿತು. ಅವರು ಚಪ್ಪಾಳೆ ತಟ್ಟಿದ ಸದ್ದಿಗೆ ಪಕ್ಕದ ತರಗತಿಯವರು ಬಂದು ಇಣುಕಿದರು.

ಆ ದಿನ ಅವರಿಗೆ ಏರನ್ ಸ್ವಾರ್ಟ್ಜ್ ಬಗ್ಗೆ ಹೇಳಿದೆ. 2000ದ ಡಿಸೆಂಬರ್‌ನಲ್ಲಿ ಆರ್‌ಎಸ್‌ಎಸ್ 1.0 ಸಿದ್ಧವಾದಾಗ ಅದನ್ನು ಬರೆದ ತಂಡದಲ್ಲಿ ದೊಡ್ಡ ದೊಡ್ಡ ಎಂಜಿನಿಯರುಗಳ ನಡುವೆ ಅವನೂ ಇದ್ದ. ಆಗ ಅವನಿಗೆ 14 ವರ್ಷ. ಎದುರಿಗೆ ಕೂತಿದ್ದವರಿಗೂ ಅಷ್ಟೇ ವಯಸ್ಸು. ಅವನು 2013ರ ಜನವರಿಯಲ್ಲಿ, 26ನೇ ವಯಸ್ಸಿನಲ್ಲಿ ತೀರಿಕೊಂಡನೆಂಬುದನ್ನು ನಾನು ಓದಿದ್ದೂ ಫೀಡಿನಲ್ಲೇ. ಅದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

ಅದೇ ವರ್ಷ ಮಾರ್ಚ್‌ನಲ್ಲಿ ಗೂಗಲ್ ರೀಡರ್ ನಿಲ್ಲುತ್ತದೆಂಬ ಪ್ರಕಟಣೆ ಬಂತು, ಜುಲೈ 1ಕ್ಕೆ ನಿಂತಿತು. ಪಕ್ಕದ ಮನೆಯ ಹುಡುಗ ಅಷ್ಟರಲ್ಲಿ ಕೆಲಸ ಸಿಕ್ಕಿ ಪುಣೆಯಲ್ಲಿದ್ದ. ಫೋನಿನಲ್ಲೇ, “ಆಂಟಿ, ಓಪಿಎಂಎಲ್ ಫೈಲ್ ಇಳಿಸಿಕೊಳ್ಳಿ, ಅದಿದ್ರೆ ಎಲ್ಲ ಇದ್ದಂಗೆ,” ಎಂದ. ಓಪಿಎಂಎಲ್ ಎಂದರೆ ನಾವು ಓದುವ ಫೀಡುಗಳ ವಿಳಾಸಗಳನ್ನು ಬರೆದಿಟ್ಟ ಫೈಲು, ಕೆಲವೇ ಪುಟಗಳಷ್ಟು. ಅದನ್ನು ಫೀಡ್ಲಿ ಎಂಬ ಇನ್ನೊಂದು ರೀಡರಿಗೆ ಕೊಟ್ಟ ಮರುಗಳಿಗೆಗೆ ನನ್ನ ಹೆಸರುಗಳೆಲ್ಲ ಅವವೇ ಫೋಲ್ಡರುಗಳಲ್ಲಿ ಬಂದು ಕೂತವು. ಪಟ್ಟಿ ನನ್ನದು, ಅಂಗಡಿ ಯಾರದಾದರೂ ಆಗಲಿ ಎಂಬ ಧೈರ್ಯ ಬಂದದ್ದು ಆಗಲೇ. ಅಂದಿನಿಂದ ಆ ಫೈಲಿನ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ, ಮನೆಪತ್ರಗಳ ಜೊತೆಗೆ ಇಡುತ್ತ ಬಂದಿದ್ದೇನೆ.

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಕಕ್ಷೆ ಸೇರಿದ್ದನ್ನು ನಮ್ಮ ಮಕ್ಕಳು ಮನೆಯ ಸುದ್ದಿಯೆಂಬಂತೆ ನೋಡಿದರು. ಅದಕ್ಕೆ ಕಾರಣವಿತ್ತು. ಚಂದ್ರಯಾನ-1ಕ್ಕಾಗಿ ಕಟ್ಟಿದ 32 ಮೀಟರು ಅಗಲದ ಆಂಟೆನಾ ಇರುವ ಬ್ಯಾಲಾಳು ನಮ್ಮ ಕಡೆಯದೇ ಊರು, ಆ ದಾರಿಯಿಂದ ಬರುವ ಮಕ್ಕಳು ಶಾಲೆಯಲ್ಲಿದ್ದರು. “ಸಿಗ್ನಲ್ ಮೊದಲು ನಮ್ಮ ಬ್ಯಾಲಾಳಿಗೇ ಬಂತಾ ಮಿಸ್?” ಬಂತು ಎಂದರೆ ಎಷ್ಟು ಖುಷಿಪಡುತ್ತಿದ್ದರೋ. ಆದರೆ ನನ್ನ ಪಟ್ಟಿಯಲ್ಲಿದ್ದ ಪ್ಲಾನೆಟರಿ ಸೊಸೈಟಿಯಂಥವರ ಬರಹಗಳನ್ನು ಓದಿದ್ದರಿಂದ ನಿಜ ತಿಳಿದಿತ್ತು. ಆ ತಿಂಗಳು ಮಂಗಳ ಸಂಜೆಯ ಆಕಾಶದ ಗ್ರಹ. ನಮ್ಮ ಬೆಳಗಿನ ಎಂಟು ಗಂಟೆಗೆ ಅದು ಬ್ಯಾಲಾಳಿನ ಪಾಲಿಗೆ ನೆಲದ ಕೆಳಗಿತ್ತು. ಸಂಕೇತ ಹಿಡಿದುಕೊಟ್ಟದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ನಾಸಾದ ಆಂಟೆನಾ. ಮಂಗಳದಿಂದ ಅಲ್ಲಿಗೆ ಬರಲು ಸುಮಾರು ಹನ್ನೆರಡೂವರೆ ನಿಮಿಷ, ಅಲ್ಲಿಂದ ಬೆಂಗಳೂರಿಗೆ ಕ್ಷಣಮಾತ್ರ. ಗೋಲ ತಿರುಗಿಸಿ ತೋರಿಸಿದೆ. ಹುಡುಗನೊಬ್ಬ, “ಮಧ್ಯಾಹ್ನದ ಮೇಲೆ ನಮ್ಮೂರಿನ ಸರದಿ,” ಎಂದ. ಮಂಗಳ ನಮ್ಮಲ್ಲಿ ಹುಟ್ಟುವ ಹೊತ್ತನ್ನು ಅವನು ಗೋಲದ ಮೇಲೇ ಲೆಕ್ಕ ಹಾಕಿದ್ದ.

ಆಮೇಲೆ ವಾಟ್ಸ್ಆ್ಯಪ್ ಗುಂಪುಗಳು ಬಂದವು. ಸುತ್ತೋಲೆಯೂ ಅದರಲ್ಲೇ, ಶುಭೋದಯವೂ ಅದರಲ್ಲೇ, ‘ಇಂದು ರಾತ್ರಿ ಕಾಸ್ಮಿಕ್ ಕಿರಣ, ಫೋನ್ ಆಫ್ ಮಾಡಿ’ ಎಂಬುದೂ ಅದರಲ್ಲೇ. ಬರೆದವರ ಹೆಸರಿಲ್ಲ, ಯಾವ ವರ್ಷದ್ದೆಂದಿಲ್ಲ, ಮೂಲಕ್ಕೆ ಕೊಂಡಿಯಿಲ್ಲ. ನೋಟ್‌ಪ್ಯಾಡಿನಲ್ಲಿ ಐಟಂ ಬರೆದು ಕಲಿತ ಮಕ್ಕಳು ಇದನ್ನು ತಾವೇ ಹಿಡಿದರು. “ಇದರಲ್ಲಿ ಲಿಂಕೂ ಇಲ್ಲ, ಡೇಟೂ ಇಲ್ಲ ಮಿಸ್, ಇದು ಐಟಮ್ಮೇ ಅಲ್ಲ,” ಎಂದು ಫಲಕದ ಸಮಿತಿಯ ಹುಡುಗಿ ಒಂದು ಚೀಟಿಯನ್ನು ವಾಪಸು ಮಾಡಿದ್ದಳು.

ಶಾಲೆಯ ಆಚೆಗೂ ಇದು ನನ್ನ ದಿನಗಳೊಳಗೆ ಸೇರಿಕೊಂಡಿದೆ. ಕನ್ನಡ ವಿಕಿಪೀಡಿಯದ ಪ್ರತಿ ಪುಟದ ಇತಿಹಾಸಕ್ಕೂ ಫೀಡು ಇದೆ ಎಂದು ತಿಳಿದ ದಿನ ವೃಷಭಾವತಿಯ ಪುಟವನ್ನು ಸೇರಿಸಿಕೊಂಡೆ. ಮೈಸೂರು ರಸ್ತೆಯ ಬದಿಯಲ್ಲಿ ನಾವು ಮೂಗು ಮುಚ್ಚಿಕೊಂಡು ದಾಟುವ ಆ ನದಿ ಬಸವನಗುಡಿಯಲ್ಲಿ ಹುಟ್ಟಿ ಅರ್ಕಾವತಿಯನ್ನು ಸೇರುತ್ತದೆ. ಯಾರಾದರೂ ಅದರ ಬಗ್ಗೆ ಒಂದು ಸಾಲು ಸೇರಿಸಿದರೆ ನನಗೆ ತಿಳಿಯುತ್ತದೆ. ಯೂಟ್ಯೂಬ್ ವಾಹಿನಿಗಳಿಗೂ ಫೀಡುಗಳಿವೆ, ಹೊರಗೆ ಕಾಣುವಂತೆ ಇಟ್ಟಿಲ್ಲ, ಅಷ್ಟೇ. ಅರವಿಂದ ಗುಪ್ತರ ಆಟಿಕೆ ಪ್ರಯೋಗಗಳನ್ನು ಹಾಗೆ ತರಿಸಿಕೊಂಡರೆ ಪಕ್ಕದಲ್ಲಿ ಇನ್ನೊಂದು, ಮತ್ತೊಂದು ಎಂದು ಸೆಳೆಯುವ ಸಾಲು ಇರುವುದಿಲ್ಲ. ಬೇಕಾದದ್ದು ನೋಡಿ ಎದ್ದುಬರಬಹುದು. ಅಮ್ಮನ ಕಣ್ಣು ಮಂಜಾದ ಮೇಲೆ ಅವರ ಫೋನಿಗೆ ಕನ್ನಡದ ಪಾಡ್‌ಕಾಸ್ಟ್‌ಗಳನ್ನು ಹಾಕಿಕೊಟ್ಟೆ. ಪಾಡ್‌ಕಾಸ್ಟ್ ಎಂದರೂ ಇದೇ ಫೀಡು, ಐಟಮ್ಮಿನೊಳಗೆ ಬರಹದ ಜೊತೆ ಒಂದು ಧ್ವನಿ ಫೈಲಿನ ವಿಳಾಸ ಇರುತ್ತದೆ. ‘ತಲೆ-ಹರಟೆ’ಯ ಹೊಸ ಕಂತು ಬಂತೆಂದರೆ ಅಮ್ಮ ಸೋಫಾದಲ್ಲಿ ನೆಟ್ಟಗೆ ಕೂತು ಕೇಳುತ್ತಿದ್ದರು, ನಡುವೆ ಮಾತಾಡಿಸಿದರೆ ಕೈ ಸನ್ನೆ ಮಾಡಿ ಸುಮ್ಮನಿರಿಸುತ್ತಿದ್ದರು.

2021ರ ಆಗಸ್ಟ್ ಕೊನೆಗೆ ಮೆಟ್ರೋ ಕೆಂಗೇರಿಯವರೆಗೆ ಬಂತು. ರಾಜರಾಜೇಶ್ವರಿನಗರದಲ್ಲಿ ಹತ್ತಿದರೆ ಜ್ಞಾನಭಾರತಿ, ಪಟ್ಟಣಗೆರೆ, ಆಮೇಲೆ ಕೆಂಗೇರಿ ಬಸ್ ನಿಲ್ದಾಣ. ಅಷ್ಟರಲ್ಲಿ ಒಂದೆರಡು ಬರಹ ಓದಿ ಮುಗಿಯುತ್ತಿದ್ದವು. ಫೀಡಿನ ಕಾಲ ಮುಗಿಯಿತೆಂದು ಹೇಳುವವರಿದ್ದಾರೆ. 2018ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ ಕೂಡ ಫೀಡು ತೋರಿಸುವುದನ್ನು ಬಿಟ್ಟಿತು. ನಮಗೆ ಅಗತ್ಯವಾದ ಎಷ್ಟೋ ಸರ್ಕಾರಿ ತಾಣಗಳಲ್ಲಿ ಫೀಡೇ ಇಲ್ಲ, ಇರಬೇಕಿತ್ತು. ಸುತ್ತೋಲೆಯೊಂದು ದಿನಾಂಕ ಸಮೇತ, ಮೂಲ ಸಮೇತ ನೇರವಾಗಿ ಹಳ್ಳಿಯ ಶಾಲೆಗೆ ತಲುಪಲು ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಆದರೂ ಬಹಳಷ್ಟು ತಾಣಗಳ ವಿಳಾಸದ ಕೊನೆಗೆ ‘ಫೀಡ್’ ಎಂದು ಸೇರಿಸಿ ನೋಡಿದರೆ ಆ ಫೈಲು ಇನ್ನೂ ಅಲ್ಲೇ ಇರುತ್ತದೆ.

ನಿವೃತ್ತಿಯ ಹೊತ್ತಿಗೆ ನನ್ನ ಜಾಗಕ್ಕೆ ಬಂದ ಶಿಕ್ಷಕಿಗೆ ಹಸಿರು ಫಲಕದ ಬೀಗದ ಕೈ, ಅಂಟಿಸಿದ ರಿಜಿಸ್ಟರುಗಳು, ಜೊತೆಗೆ ಓಪಿಎಂಎಲ್ ಫೈಲಿನ ಪ್ರತಿ ಕೊಟ್ಟೆ. ಸ್ಟಾಫ್ ರೂಮಿನಲ್ಲಿ ಕೂತು ಒಂದೊಂದೇ ಹೆಸರನ್ನು ನೋಡಿದೆವು. ಇವರು ಬರೆಯುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು, ಆದರೂ ತೆಗೆದಿಲ್ಲ. ಇವರದ್ದು ಎಂಟನೇ ತರಗತಿಯ ಬೆಳಕಿನ ಪಾಠಕ್ಕೆ ಬರುತ್ತದೆ. ಇವರು ಹೇಳಿದ್ದನ್ನು ಇನ್ನೊಂದು ಕಡೆ ನೋಡಿಕೊಂಡೇ ಮಕ್ಕಳಿಗೆ ಹೇಳಿ. ಅವರು ಗಮನವಿಟ್ಟು ಕೇಳಿ, ಮೊದಲು ಅರ್ಧದಷ್ಟನ್ನು ತೆಗೆದುಹಾಕಿದರು. ಆಮೇಲೆ ತಾವು ಓದುವವರನ್ನು ಸೇರಿಸಿದರು: ಪಶ್ಚಿಮ ಘಟ್ಟದ ಕಪ್ಪೆಗಳ ಬಗ್ಗೆ ಬರೆಯುವವರು, ಕನ್ನಡದಲ್ಲೇ ಗಣಿತದ ಒಗಟು ಕೊಡುವವರು. ನಾನು ಕೇಳಿರದ ಹೆಸರುಗಳು. ವಿಳಾಸ ಬರೆಸಿಕೊಂಡು ಬಂದು ಅದೇ ಸಂಜೆ ನನ್ನ ಪಟ್ಟಿಗೂ ಸೇರಿಸಿದೆ. ಕಪ್ಪೆಯವರು ಮಳೆಗಾಲದಲ್ಲಿ ಮಾತ್ರ ಬರೆಯುತ್ತಾರಂತೆ.